ಖಾಲಿ ಕರಡಿಗೆ

ನಮ್ಮ ದೊಡ್ಡಪ್ಪನ ಕೈಯಿಂದ ಖಾಲಿ ಪಾತ್ರೆ ವಾಪಸು ಪಡೆದವರು ಹೊಸಪೇಟೆಯಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ, ನಾನು ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ಬೇಳೆ ಆರಿಸಲು ಕೂರುತ್ತೇನೆ! ಯಾರೂ ಬರುವುದಿಲ್ಲ. ನನಗೆ ಗೊತ್ತು. ನಮ್ಮ ತಂದೆಯ ಅಣ್ಣನಾದ ಆ ಮನುಷ್ಯ ಹಾವಿಗೆ ಹೆದರಲಿಲ್ಲ, ಕಲೆಕ್ಟರ್ ದೊರೆಗೆ ಹೆದರಲಿಲ್ಲ. ಪ್ಲೇಗು ಬಂದು ನಮ್ಮ ಚಿತ್ತವಾಡ್ಗಿ ಕೇರಿಯ ಜನವೆಲ್ಲ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗ, "ಮನಿ ಖಾಲಿ ಬಿಡಬಾರ್ದು" ಎಂದು ಒಬ್ಬರೇ ಒಳಗೆ ಉಳಿದ ಪುಣ್ಯಾತ್ಮರು. ಅವರು ಹೆದರುತ್ತಿದ್ದುದು ಖಾಲಿ ಎನ್ನುವ ಒಂದೇ ಒಂದು ಸಂಗತಿಗೆ.

ಮಜ್ಜಿಗೆ ತಂದ ಚೆಂಬನ್ನು ಬರಿದಾಗಿ ಹಿಂದಿರುಗಿಸಬಾರದು ಎನ್ನುವುದು ಎಲ್ಲರ ಮನೆಯ ರೂಢಿಯೇ. ಒಂದು ಹಿಡಿ ಅಕ್ಕಿಯೋ ಒಂದು ಚೂರು ಬೆಲ್ಲವೋ ಹಾಕಿ ಕೊಡುತ್ತೇವೆ. ಆದರೆ ರೂಢಿಗೂ ಒಂದು ಮಿತಿ ಬೇಡವೇ? ದೊಡ್ಡಪ್ಪ ಹಾಲು ಕುಡಿದ ಲೋಟದಲ್ಲಿ ಹುಣಸೆಬೀಜ ಹಾಕಿ ಕೆಳಗಿಡುತ್ತಿದ್ದರು. ಬಾವಿಯಿಂದ ತಂದ ನೀರನ್ನು ಹಂಡೆಗೆ ಸುರಿದ ಮೇಲೂ ಕೊಡದ ತಳದಲ್ಲಿ ಒಂದು ಗುಟುಕು ಉಳಿಸಬೇಕು. ಪೂರ್ತಿ ಸುರಿದು ಬಂದರೆ ನಮ್ಮವ್ವನನ್ನು ಮತ್ತೆ ಬಾವಿಗೆ ಅಟ್ಟುತ್ತಿದ್ದರು. ಅಂಚೆಯವನು ಚೀಲ ಬರಿದು ಮಾಡಿಕೊಂಡು ಹೊರಟರೆ ಹಿಂದೆಯೇ ಓಡಿ ಅದರೊಳಗೆ ಬಾಳೆಹಣ್ಣು ತುರುಕುವರು. ಒಮ್ಮೆ ಆ ಹಣ್ಣು ಚೀಲದ ಮೂಲೆಯಲ್ಲಿ ಕುಳಿತಿದ್ದ ಯಾರದೋ ಕಾರ್ಡಿನ ಮೇಲೆ ಪಿಚಕ್ಕೆಂದಿತು. ಅದು ತಲುಪಿದ ಮನೆಯವರು ಇದೇನು ಶಕುನವೋ ಎಂದು ಜೋಯಿಸರ ಹತ್ತಿರ ಹೋದರಂತೆ!

ರೈಲಿನ ಪ್ರಸಂಗವನ್ನು ಹೇಳದಿದ್ದರೆ ನಮ್ಮ ಕೇರಿಯವರು ನನ್ನನ್ನು ಕ್ಷಮಿಸುವುದಿಲ್ಲ. ಸೊಂಡೂರಿನ ಗುಡ್ಡದಿಂದ ಮ್ಯಾಂಗನೀಸು ಹೊತ್ತು ತರಲು ಖಾಲಿ ವ್ಯಾಗನ್ನುಗಳು ನಮ್ಮೂರ ಗೇಟು ದಾಟಿ ಹೋಗುತ್ತಿದ್ದವು. ಒಂದಾದ ಮೇಲೊಂದು ಬಾಯಿ ತೆರೆದುಕೊಂಡು ಹೋಗುವ ಆ ಡಬ್ಬಿಗಳನ್ನು ನೋಡಿದರೆ ದೊಡ್ಡಪ್ಪನಿಗೆ ಸಂಕಟ. ಒಂದು ದಿನ ಸಂತೆಯಿಂದ ಬರುತ್ತ ಬುಟ್ಟಿಯಲ್ಲಿದ್ದ ಪೇರಲ ಹಣ್ಣುಗಳನ್ನು ಡಬ್ಬಿಗೊಂದರಂತೆ ಎಸೆಯುತ್ತ ನಿಂತರು. ಕೊನೆಯ ಡಬ್ಬಿಯಲ್ಲಿದ್ದ ಗಾರ್ಡು ತಲೆ ಹೊರಹಾಕಿ ಕೂಗಿದ: "ಯಜಮಾನ್ರೇ, ಏನು ಒಗಿಯಾಕತ್ತೀರಿ?"

"ಬರಿಗೈಲೆ ಹೊಂಟದಲ್ಲಪ್ಪಾ, ಪಾಪ!"

"ಇದು ರೈಲ್ರೀ! ತವರುಮನಿಯಿಂದ ಹೊಂಟ ಮಗಳಲ್ಲ!"

ದೊಡ್ಡಪ್ಪ ಕಡೆಯ ಹಣ್ಣನ್ನು ಗಾರ್ಡಿನ ಕೈಗೇ ಎಸೆದರು. ಗಾರ್ಡು ಅದನ್ನು ಹಿಡಿದು ಕಚ್ಚಿಕೊಂಡೇ ಹಸಿರು ಬಾವುಟ ಬೀಸಿದ.

ಮದ್ರಾಸಿನವರ ಆಳ್ವಿಕೆ ಇದ್ದ ಆ ಕಾಲದಲ್ಲಿ ನಮ್ಮದು ಬಜಾರದಲ್ಲಿ ಕರಡಿಗೆ ಅಂಗಡಿ. ನಮ್ಮ ಶಿವಭಕ್ತರ ಮನೆಗಳಲ್ಲಿ ಎದೆಯ ಮೇಲೆ ಲಿಂಗ ಧರಿಸುತ್ತೇವಲ್ಲ, ಆ ಲಿಂಗವನ್ನು ಒಳಗಿಟ್ಟುಕೊಂಡು ದಾರದಲ್ಲಿ ಜೋತಾಡುವ ಪುಟ್ಟ ಗೂಡೇ ಕರಡಿಗೆ. ಎರಡು ಹೋಳು. ಮುಚ್ಚಿದರೆ ನಡುವಿನ ಗೆರೆಯೇ ಕಾಣದಂಥ ಮೊಟ್ಟೆಯಾಕಾರ. ಮೊಟ್ಟೆಯಾಕಾರ ಎಂದು ನಾನು ಬರೆದದ್ದನ್ನು ನಮ್ಮ ಅಜ್ಜಿ ನೋಡಿದ್ದರೆ ನನ್ನ ಬಾಯಿಗೆ ಬೇವಿನ ಸೊಪ್ಪು ಅರೆದು ತಿಕ್ಕುತ್ತಿದ್ದರು! ಮೊಟ್ಟೆ ಎನ್ನುವ ಶಬ್ದವೇ ನಮ್ಮ ಹೊಸ್ತಿಲು ದಾಟಿ ಬರುತ್ತಿರಲಿಲ್ಲ. ಆದರೆ ಇರುವುದನ್ನು ಇರುವಂತೆ ಹೇಳಬೇಕಲ್ಲ, ಅದು ಮೊಟ್ಟೆಯ ಹಾಗೇ ಇರುತ್ತದೆ.

ದೊಡ್ಡಪ್ಪ ಬೆಳ್ಳಿ ತಟ್ಟುವ ಕೆಲಸವನ್ನು ಪತ್ತಾರರ ಪಕ್ಕದಲ್ಲಿ ಕೂತು ಕಲಿತವರು. ಕಲಿತದ್ದಕ್ಕಿಂತ ಹೆಚ್ಚು ತಾವೇ ಕಟ್ಟಿಕೊಂಡಿದ್ದರು. ಅವರ ಪ್ರಕಾರ ಲೋಹಗಳಿಗೂ ಮರಕ್ಕೂ ಸ್ವಭಾವ ಇದೆ, ಒಂದೊಂದೂ ಒಂದೊಂದು ಮಾತು ಹೇಳುತ್ತದೆ. ತಾಮ್ರ ತಾಯಿ, ಮರ ಗೆಳೆಯ, ಹಿತ್ತಾಳೆ ಬಾಯಿಬಡುಕ. ಗಿರಾಕಿಗೆ ಯಾವುದು ಬೇಕು ಎನ್ನುವುದನ್ನು ಗಿರಾಕಿ ಹೇಳುವಂತಿಲ್ಲ, ಅಂಗಡಿಯವರು ಮುಖ ನೋಡಿ ತೀರ್ಮಾನಿಸುತ್ತಾರೆ! ಕಂಪ್ಲಿಯಿಂದ ಅಕ್ಕಿ ಗಿರಣಿಯ ಯಜಮಾನರೊಬ್ಬರು ಬಂದು ಚಿನ್ನದ ಕರಡಿಗೆ ಆಗಬೇಕು ಎಂದು ಗಾದಿಯ ಮೇಲೆ ಕೂತರು.

"ಚಿನ್ನ ಬ್ಯಾಡ್ರಿ," ಅಂದರು ದೊಡ್ಡಪ್ಪ. "ಚಿನ್ನಕ್ಕ ಮಂದಿ ಬೇಕು, ನೋಡಾಕ. ಬೆಳ್ಳಿಗೆ ಎದಿ ಸಾಕು. ಹಿಡಕೊಂಡ್ರ ಹಿಡಕೊಂಡಷ್ಟು ಬೆಚ್ಚಗಾಗ್ತೈತಿ."

"ರೊಕ್ಕ ನಾ ಕೊಡ್ತೀನಲ್ರಿ?"

"ರೊಕ್ಕ ನೀವು ಕೊಡ್ತೀರಿ. ಬುದ್ಧಿ ಯಾರು ಕೊಡಬೇಕು?"

ಯಜಮಾನರು ಕೆಂಡವಾದರು. ಆದರೂ ಬೆಳ್ಳಿಯದನ್ನೇ ಕಟ್ಟಿಕೊಂಡು ಹೋದರು. ಮರುವರ್ಷ ತಮ್ಮನನ್ನೂ ಕರೆತಂದರು, ಪಾಪ ಆ ತಮ್ಮನಿಗೆ ಮರದ್ದೇ ಗತಿಯಾಯಿತು.

ನನಗೆ ಗಂಡು ನೋಡಿದ್ದೂ ಇದೇ ಲೆಕ್ಕದಲ್ಲಿ. ಮೊದಲು ಬಂದ ವರ ಬಳ್ಳಾರಿಯವನು, ಚಂದದ ಮಾತುಗಾರ. ದೊಡ್ಡಪ್ಪ ಒಳಗೆ ಬಂದು ನಮ್ಮವ್ವನಿಗೆ, "ಹಿತ್ತಾಳಿ. ದಿನಾ ತಿಕ್ಕಬೇಕಾಗ್ತದ, ನಮ್ಮ ಹುಡುಗಿ ಕೈ ಸೋತು ಹೋಗ್ತಾವು" ಅಂದುಬಿಟ್ಟರು. ಎರಡನೆಯವರು ಕಮಲಾಪುರದವರು, ಬಾಳೆತೋಟದ ಮನೆ. "ಕಬ್ಬಿಣ. ಚಂದಿಲ್ಲ. ಆದ್ರ ಬಾಗಿಲಿಗೆ ಚಿಲಕ ಆಗ್ತಾನ." ಆ ಕಬ್ಬಿಣವನ್ನೇ ಕಟ್ಟಿಕೊಂಡೆ. ಚಿಲಕ ಗಟ್ಟಿಯಾಗಿದೆ, ನಿಜ. ಬಾಯಿಗೂ ಹಾಕಿಕೊಂಡಿದ್ದಾರೆ, ಮಾತೇ ಇಲ್ಲ!

ಖಾಲಿಯ ಭಯ ಅಂಗಡಿಗೂ ಬಂದಿತ್ತೆಂದು ಬೇರೆ ಹೇಳಬೇಕೇ? ಗಿರಾಕಿಗೆ ಕರಡಿಗೆ ಕೊಡುವಾಗ ಒಳಗೆ ಒಂದು ಚಿಟಿಕೆ ವಿಭೂತಿ ಹಾಕದೆ ಕೊಟ್ಟವರಲ್ಲ. ಇಷ್ಟೆಲ್ಲ ನಕ್ಕು ಹೇಳುತ್ತಿದ್ದೇನೆ. ಆದರೆ ಈ ಭಯ ಎಲ್ಲಿಂದ ಬಂತು ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ಹೇಳುವಾಗ ನನಗೆ ನಗು ಬರುವುದಿಲ್ಲ.

ನಾನು ಹುಟ್ಟುವುದಕ್ಕೂ ಮೊದಲಿನ ಮಾತು. ದೊಡ್ಡಮ್ಮ ತಡವಾಗಿ ಬಸುರಾದರು. ನಮ್ಮಲ್ಲಿ ಹೊಟ್ಟೆಯೊಳಗಿನ ಕೂಸಿಗೂ ಲಿಂಗ ಉಂಟು. ತಿಂಗಳು ತುಂಬುವ ಮೊದಲು ಗುರುಗಳು ಬಂದು ತಾಯಿಯ ಮೈಮೇಲೆಯೇ ಅದನ್ನು ಕಟ್ಟುತ್ತಾರೆ, ಹುಟ್ಟಿದ ಮೇಲೆ ಅದು ಕೂಸಿನ ಕೊರಳಿಗೆ ಹೋಗುತ್ತದೆ. ಆ ಲಿಂಗಕ್ಕೆಂದು ದೊಡ್ಡಪ್ಪ ಬೆಳ್ಳಿಯಲ್ಲಿ ಅಡಕೆ ಗಾತ್ರದ ಒಂದು ಕರಡಿಗೆ ಮಾಡಿದರು. ಅಷ್ಟು ಸಣ್ಣದನ್ನು ಅವರು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಗಂಡು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗೊತ್ತಾಗಿತ್ತು. ಅದಕ್ಕೂ ಮೊದಲು ಒಂದು ಬೆಳಿಗ್ಗೆ ಕೂಸನ್ನು ಎತ್ತಿಕೊಳ್ಳಲು ಬಗ್ಗಿದಾಗ ದೊಡ್ಡಪ್ಪನ ಬೆರಳಿಗೆ ಮೊದಲು ತಾಗಿದ್ದು ಬೆಳ್ಳಿ. ಅದು ತಣ್ಣಗಿತ್ತಂತೆ.

ಮಣ್ಣು ಮಾಡುವಾಗ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟು ಜೊತೆಗೇ ಕಳಿಸುತ್ತಾರೆ. ಕೂಸಿನ ಲಿಂಗ ಕೂಸಿನ ಸಂಗಡ ಹೋಯಿತು. ಬೆಳ್ಳಿ ಕರಡಿಗೆ ಮಾತ್ರ ಖಾಲಿಯಾಗಿ ಮನೆಗೆ ಬಂತು.

ಅದು ದೇವರ ಗೂಡಿನಲ್ಲಿ ಕೂತಿತು, ಗಂಡ ಹೆಂಡಿರ ನಡುವೆ ಒಂದು ಜಗಳವೂ ಶುರುವಾಯಿತು. ಮಾತಿಲ್ಲದ ಜಗಳ. ಬೆಳಿಗ್ಗೆ ಪೂಜೆ ಮುಗಿಸಿ ದೊಡ್ಡಪ್ಪ ಆ ಪುಟ್ಟ ಕರಡಿಗೆಯನ್ನು ತೆರೆದು ಒಳಗೆ ಒಂದು ಮಲ್ಲಿಗೆ ಮೊಗ್ಗು ಇಡುವರು. ಸಂಜೆ ದೀಪ ಹಚ್ಚುವಾಗ ದೊಡ್ಡಮ್ಮ ಅದನ್ನು ತೆಗೆದು ತುಳಸಿಯ ಬುಡಕ್ಕೆ ಹಾಕುವರು. ಮಲ್ಲಿಗೆ ಇಲ್ಲದ ದಿನ ಸಕ್ಕರೆ ಹರಳು, ಸಕ್ಕರೆ ಇಲ್ಲದ ದಿನ ಒಂದು ಅಕ್ಕಿಕಾಳು. ಏನಿಟ್ಟರೂ ಸಂಜೆಗೆ ಹೊರಗೆ. ಅವರು ತುಂಬುವುದು, ಇವರು ಬರಿದು ಮಾಡುವುದು! ನಾನು ಬುದ್ಧಿ ಬಂದಾಗಿನಿಂದ ನೋಡಿದ್ದೇ ಇದನ್ನು. ಒಬ್ಬರೂ ಸೋಲಲಿಲ್ಲ, ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಆ ಗೂಡಿನ ಮುಂದೆ ಹೋದಾಗ ಮಕ್ಕಳು ನಾವಾಗಿಯೇ ದನಿ ತಗ್ಗಿಸುತ್ತಿದ್ದೆವು.

ಈ ಜಗಳದ ನಡುವೆ ಬಂದಿಳಿದವಳು ದೊರೆಸಾನಿ.

ನನ್ನ ಮದುವೆಗೆ ಮುಂಚಿನ ಬೇಸಿಗೆ, ಯುಗಾದಿ ಆಗಿ ಕೆಲವು ದಿನವಾಗಿತ್ತು. ದೊಡ್ಡಪ್ಪನಿಗೆ ಬುತ್ತಿ ಕೊಡಲು ಅಂಗಡಿಗೆ ಹೋಗಿದ್ದೆ. ಸೊಂಡೂರಿನ ಗಣಿಯ ಮ್ಯಾನೇಜರ್ ದೊರೆಯ ಹೆಂಡತಿ ಮೋಟಾರಿನಿಂದ ಇಳಿದಳು. ತಲೆಯ ಮೇಲೆ ಬುಟ್ಟಿಯಂಥ ಟೋಪಿ, ಮುಖವೆಲ್ಲ ಬಿಸಿಲಿಗೆ ಟೊಮೆಟೊ. ಹಿಂದೆ ಅವಳ ಬಟ್ಲರ್, ಆಕೆಯ ಮಾತನ್ನು ನಮಗೂ ನಮ್ಮ ಮಾತನ್ನು ಆಕೆಗೂ ದಾಟಿಸುವವನು. ಗಣಿಯ ಗುಮಾಸ್ತನ ಎದೆಯ ಮೇಲಿನ ಕರಡಿಗೆ ಕಂಡು ಆಕೆಗೆ ಅದರ ಮೇಲೆ ಮನಸ್ಸಾಗಿತ್ತಂತೆ.

"ಅಮ್ಮಾವ್ರ ಹಬ್ಬ ಬಂದೈತಿ ಸ್ವಾಮಿ," ಅಂದ ಬಟ್ಲರ್. "ಈಸ್ಟರ್ ಅಂತಾರ. ಮಕ್ಕಳಿಗೆ ಬಣ್ಣದ ತತ್ತಿ ಕೊಡ್ತಾರ. ಇವರ ಮಗಳು ನೀಲಗಿರಿ ಸಾಲ್ಯಾಗ ಓದ್ತಾಳ. ಈ ಸಲ ಆಕಿಗೆ ಬೆಳ್ಳಿ ತತ್ತಿ ಕಳಸ್ಬೇಕಂತ. ಮಾದರಿ ತಂದಾರ ನೋಡ್ರಿ."

ದೊರೆಸಾನಿ ಹತ್ತಿಯೊಳಗಿಂದ ಅದನ್ನು ಮೆಲ್ಲಗೆ ತೆಗೆದು, ವಿಭೂತಿ ಗಟ್ಟಿ ರುದ್ರಾಕ್ಷಿ ಸರಗಳ ನಡುವೆ, ನಮ್ಮ ಅಂಗಡಿಯ ಹಲಗೆಯ ಮೇಲೆ ಇಟ್ಟಳು. ಕೋಳಿಮೊಟ್ಟೆ! ನಿಜವಾದ ಕೋಳಿಮೊಟ್ಟೆ! ಕೆಂಪು ಬಳಿದು ಮೇಲೆ ಬಿಳಿಯ ಬಳ್ಳಿ ಬರೆದದ್ದು. ಪಕ್ಕದ ಬತ್ತಾಸಿನ ಅಂಗಡಿಯ ಮುದುಕ "ಶಿವಶಿವಾ" ಎಂದು ತನ್ನ ಬತ್ತಾಸಿನ ತಟ್ಟೆಗೆ ಬಟ್ಟೆ ಮುಚ್ಚಿದ. ನಾನು ಬುತ್ತಿಯ ಗಂಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ದೊಡ್ಡಪ್ಪನ ಮೀಸೆ ಕುಣಿಯತೊಡಗಿತು. ಇನ್ನೇನು ಎದ್ದು ನಿಂತು ಕೂಗುತ್ತಾರೆ ಅಂದುಕೊಂಡೆ.

"ಸಿಟ್ಟಾಗಬ್ಯಾಡ್ರಿ ಸ್ವಾಮಿ," ಬಟ್ಲರ್ ಕೈ ಮುಗಿದ. "ಒಳಗ ಏನೂ ಇಲ್ಲ. ಸೂಜಿ ತೂತು ಮಾಡಿ ಊದಿ ತಗದಾರ. ಬರೇ ಚಿಪ್ಪು."

"ಏನೂ ಇಲ್ಲಾ?" ದೊಡ್ಡಪ್ಪನ ಬಣ್ಣ ಇಳಿದುಹೋಯಿತು. "ಖಾಲೀನಾ?"

ನೋಡಿ! ಶಿವಭಕ್ತರ ಅಂಗಡಿಯ ಹಲಗೆಗೆ ಮೊಟ್ಟೆ ಬಂದು ಕೂತಿದೆ, ಈ ಮಹಾರಾಯರಿಗೆ ಸಂಕಟವಾದದ್ದು ಅದು ಬರಿದು ಎನ್ನುವುದಕ್ಕೆ! ಅವರು ಮುಟ್ಟಲಿಲ್ಲ. ಆದರೆ ಬಗ್ಗಿ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಂಡಂತೆ, "ಇಷ್ಟು ತೆಳ್ಳಗ ಯಾವ ಪತ್ತಾರ ತಟ್ಯಾನು? ನಾವು ಮಾಡಿದ್ದು ಹೊರಗಿಂದ ತಗೀಬೇಕು. ಇದನ್ನ ಒಳಗಿದ್ದವರೇ ಒಡೀಬೇಕು" ಅಂದರು.

ದೊರೆಸಾನಿ ಹೋದ ಮೇಲೆ ಅಜ್ಜಿಗೆ ಸುದ್ದಿ ಮುಟ್ಟಿ, ಹಲಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿಸಿ, ಗೋಮೂತ್ರ ಚಿಮುಕಿಸಿ, ದೊಡ್ಡಪ್ಪನಿಗೆ ತಲೆಸ್ನಾನ ಮಾಡಿಸಿದ್ದನ್ನು ವಿವರಿಸುತ್ತ ಕೂತರೆ ಇದು ಮುಗಿಯುವುದಿಲ್ಲ. ಆದರೂ ಬೆಳ್ಳಿ ತತ್ತಿ ಸಿದ್ಧವಾಯಿತು. ಮೈಮೇಲೆ ಬಳ್ಳಿ, ಬಳ್ಳಿಯ ತುದಿಗೆ ಒಂದು ಗಿಣಿ. ಹಂಪಿಯ ಕಂಬಗಳ ಮೇಲೆ ಕೂತಿರುವಂಥದೇ ಗಿಣಿ. ಮುಚ್ಚಿದರೆ ಗೆರೆಯಿಲ್ಲ.

ಗೊತ್ತಾದ ದಿನ ದೊರೆಸಾನಿ ಬಂದಳು. ಆ ಹೊತ್ತಿಗೂ ನಾನು ಬುತ್ತಿ ಹಿಡಿದು ಅಲ್ಲೇ ಇದ್ದೆ, ಅಂಥ ತಮಾಷೆ ಬಿಡುವವಳೇ ನಾನು? ಆಕೆ ತತ್ತಿ ನೋಡಿ ಸಣ್ಣ ಹುಡುಗಿಯ ಹಾಗೆ ಕುಣಿದಳು. ಆಮೇಲೆ ತೆರೆದಳು. ಒಳಗೆ ದೊಡ್ಡಪ್ಪನ ಮಾಮೂಲು ವಿಭೂತಿ! ಆಕೆಯ ಮುಖ ಸಪ್ಪಗಾಯಿತು. ಬಟ್ಲರನ ಹತ್ತಿರ ಏನೋ ಕೇಳಿದಳು.

"ಬೂದಿ ಯಾಕ ಅಂತಾರ ಸ್ವಾಮಿ. ಬೂದಿ ಅವರಿಗೆ ದುಃಖದ ದಿನಕ್ಕಂತ. ಹಣೀಗೆ ಹಚ್ಕೊಂಡು ಉಪಾಸ ಮಾಡೋ ದಿನ ಬ್ಯಾರೇ ಐತಿ, ಅದು ಆಗಿ ಹೋತು. ಇದು ಸಂತೋಷದ ಹಬ್ಬ. ತಗದು ಕೊಡ್ರಿ."

"ಖಾಲಿ ಕೊಡೂದಿಲ್ಲ. ಸಕ್ಕರಿ ಹಾಕ್ತೀನಿ."

"ಬ್ಯಾಡಂತ."

"ಹೂವು?"

"ಬ್ಯಾಡಂತ್ರಿ. ಖಾಲೀನ ಇರಬೇಕಂತ."

"ಹುಚ್ಚೇನು ಆಕಿಗೆ? ಮಗಳಿಗೆ ಯಾರಾರ ಖಾಲಿ ಡಬ್ಬಿ ಕಳಸ್ತಾರೇನು?"

ಬಟ್ಲರ್ ಅದನ್ನು ಹೇಗೆ ದಾಟಿಸಿದನೋ, ದೊರೆಸಾನಿ ನಕ್ಕಳು. ಮೋಟಾರಿನ ಕಡೆ ನೋಡುತ್ತ, ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತ, ಕಾಯಿಪಲ್ಯೆಯ ದರ ಹೇಳುವವಳ ಹಾಗೆ ಹೇಳಿದಳು. ಬಟ್ಲರ್ ನಿಂತು ನಿಂತು ಕನ್ನಡ ಮಾಡಿದ: ಅವರ ಸ್ವಾಮಿಯನ್ನು ಕೊಂದರು, ಆ ಕೆಂಪು ಬಣ್ಣ ಆತನ ರಕ್ತ. ಗವಿಯಲ್ಲಿಟ್ಟು ಬಾಯಿಗೆ ಕಲ್ಲು ಮುಚ್ಚಿದರು, ಆ ಚಿಪ್ಪು ಅಂದರೆ ಅದೇ ಗವಿ. ಮೂರನೇ ದಿನ ಹೆಣ್ಣುಮಕ್ಕಳು ಅಳುತ್ತ ಹೋಗಿ ನೋಡಿದರೆ ಒಳಗೆ ಯಾರೂ ಇರಲಿಲ್ಲ.

"ಖಾಲಿ ಇತ್ತಂತ ಸ್ವಾಮಿ. ಖಾಲಿ ಅಂದ್ರ ಎದ್ದು ಹೋದ ಅಂತ ಅರ್ಥ. ಅದಕ್ಕ ಹಬ್ಬ ಮಾಡ್ತಾರ."

ದೊಡ್ಡಪ್ಪ ಕೈ ಚಾಚಿದರು. ತತ್ತಿಯನ್ನು ಇಸಿದುಕೊಂಡರು. ವಿಭೂತಿಯನ್ನು ತಮ್ಮ ಅಂಗೈಗೆ ಸುರಿದುಕೊಂಡು ಹಣೆಗೆ ಹಚ್ಚಿಕೊಂಡರು. ಧೋತರದ ಅಂಚಿನಿಂದ ಒಳಗೆಲ್ಲ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಮುಚ್ಚಿ ಆಕೆಯ ಕೈಗೆ ಕೊಟ್ಟರು. ಜೀವಮಾನದಲ್ಲಿ ಅವರು ಖಾಲಿ ಕೊಟ್ಟದ್ದು ನಾನು ಕಂಡಂತೆ ಅದೊಂದೇ. ದೊರೆಸಾನಿ ಖುಷಿಯಿಂದ ಮೋಟಾರು ಹತ್ತಿದಳು. ತಾನು ಏನು ಹೇಳಿದೆ, ಯಾರಿಗೆ ಹೇಳಿದೆ ಎನ್ನುವುದು ಆಕೆಗೆ ಗೊತ್ತೇ ಇರಲಿಲ್ಲ.

ಅಂದು ದೊಡ್ಡಪ್ಪ ಬುತ್ತಿ ಬಿಚ್ಚಲಿಲ್ಲ. ಅಂಗಡಿ ಮುಚ್ಚಿ ನನ್ನ ಹಿಂದೆಯೇ ಮನೆಗೆ ಬಂದರು. ದೊಡ್ಡಮ್ಮ ಪಡಸಾಲೆಯಲ್ಲಿ ಅಕ್ಕಿ ಕೇರುತ್ತಿದ್ದರು. ಇವರು ಎದುರಿಗೆ ಕೂತು ದೊರೆಸಾನಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಹೇಳಿ, ಪರೀಕ್ಷೆ ಬರೆದ ಹುಡುಗನ ಹಾಗೆ ಅವರ ಮುಖ ನೋಡಿದರು.

"ಅವರ ದೇವ್ರು. ಎದ್ದಾನು," ಅಂದರು ದೊಡ್ಡಮ್ಮ, ಮೊರ ನಿಲ್ಲಿಸದೆ. "ನಮ್ಮ ಕೂಸು ಎಲ್ಲಿ ಎದ್ದೀತು?"

"ಮತ್ತ ನೀ ಯಾಕ ಅದನ್ನ ಖಾಲಿ ಇಡ್ತಿ?"

ಆಗ ಮೊರ ನಿಂತಿತು. "ಅದು ಅವನ ಜಾಗ ಅಲ್ಲೇನ್ರಿ? ಹೆಸರಿಡಲಿಲ್ಲ, ತೊಟ್ಟಿಲಿಗೆ ಹಾಕಲಿಲ್ಲ. ಈ ಮನ್ಯಾಗ ಅವಂದು ಅಂತ ಇರೋದು ಅಷ್ಟ ಜಾಗ. ಅದರಾಗ ನೀವು ದಿನಾ ಸಕ್ಕರಿ ತಂದು ಕುಂದರಸ್ತೀರಿ, ಹೂವು ತಂದು ಕುಂದರಸ್ತೀರಿ. ನಾನು ಎಬ್ಬಸ್ತೀನಿ. ಇನ್ನೊಬ್ರು ಕುಂತ್ರ ಅವನು ಎಲ್ಲಿಗೆ ಬರಬೇಕು?"

ದೊಡ್ಡಪ್ಪ ದೇವರ ಗೂಡಿನ ಕಡೆ ನೋಡಿದರು. "ಇಷ್ಟು ವರ್ಷ ಹೇಳಲಿಲ್ಲಲ್ಲ."

"ನೀವು ಕೇಳಿದ್ರೇನು?"

"ನನಗ ಅದು ತಣ್ಣಗಿರೋದು ನೋಡಾಕ ಆಗಲಿಲ್ಲ," ಅಂದರು ದೊಡ್ಡಪ್ಪ. "ಬರಿದಾಗಿ, ತಣ್ಣಗ." ಅಷ್ಟು ಹೇಳಿ, ನಮ್ಮ ಮೀಸೆಯ ದೊಡ್ಡಪ್ಪ, ರೈಲಿಗೆ ಪೇರಲ ಎಸೆದ ದೊಡ್ಡಪ್ಪ, ಮೊರದ ಎದುರಿಗೆ ಕೂತು ಅತ್ತರು. ದೊಡ್ಡಮ್ಮ ಅಳಲಿಲ್ಲ. ಗಂಡನ ಮೊಣಕಾಲಿನ ಮೇಲೆ ಕೈಯಿಟ್ಟು ಕೂತುಕೊಂಡರು. ನಾನು ಹಿತ್ತಲಿಗೆ ಹೋಗಿ ನಿಂತೆ.

ಮರುದಿನದಿಂದ ದೊಡ್ಡಪ್ಪ ಮೊಗ್ಗನ್ನು ಕರಡಿಗೆಯ ಒಳಗಿಡದೆ ಪಕ್ಕದಲ್ಲಿಟ್ಟರು. ದೊಡ್ಡಮ್ಮ ಸಂಜೆ ಅದನ್ನು ಅಲ್ಲೇ ಬಿಟ್ಟರು. ನಮ್ಮ ಮನೆಯ ಅತಿ ಉದ್ದದ ಜಗಳ ಹಾಗೆ ಮುಗಿಯಿತು. ಹುಣಸೆಬೀಜದ ಲೋಟಗಳು, ಅಂಚೆಯವನ ಬಾಳೆಹಣ್ಣುಗಳು ಮಾತ್ರ ಮೊದಲಿನಂತೆಯೇ ನಡೆದವು. ಅಷ್ಟು ಸುಲಭಕ್ಕೆ ಸುಧಾರಿಸಿದರೆ ಅವರು ನಮ್ಮ ದೊಡ್ಡಪ್ಪ ಹೇಗಾದಾರು?

ಅವರು ತೀರಿಕೊಂಡಾಗ ನಾನು ಕಮಲಾಪುರದಿಂದ ಮೊದಲ ಗಾಡಿಗೆ ಬಂದೆ. ಗುಂಡಿಗೆ ಇಳಿಸಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಬಿಲ್ವಪತ್ರೆ, ವಿಭೂತಿ, ಆಮೇಲೆ ಮಣ್ಣು. ಕೇರಿಯವರು, ಬಜಾರದವರು, ಆ ಅಂಚೆಯವನು ಕೂಡ, ಹಿಡಿಹಿಡಿ ತಂದು ಹಾಕಿದರು. "ತುಂಬ್ರಿ, ಚಂದಾಗಿ ತುಂಬ್ರಿ, ಖಾಲಿ ಅಂದ್ರ ಆಗ್ತಿರಲಿಲ್ಲ ಅವರಿಗೆ" ಎಂದು ಬತ್ತಾಸಿನ ಮುದುಕ ಅಳುತ್ತಲೇ ಹೇಳಿದ. ಅಳುತ್ತಿದ್ದವರು ನಕ್ಕರು, ನಕ್ಕವರು ಮತ್ತೆ ಅತ್ತರು.

ಅವರ ಕರಡಿಗೆಯನ್ನು ಅಪ್ಪ ಮನೆಗೆ ತಂದು ದೊಡ್ಡಮ್ಮನ ಕೈಗೆ ಕೊಟ್ಟರು. ತಾವೇ ತಟ್ಟಿಕೊಂಡ ದೊಡ್ಡ ಬೆಳ್ಳಿ ಕರಡಿಗೆ, ಉಜ್ಜಿ ಉಜ್ಜಿ ಬಳ್ಳಿಯೆಲ್ಲ ಸವೆದಿತ್ತು. ದೊಡ್ಡಮ್ಮ ಅದನ್ನು ತೆರೆದು ಒಳಗೆ ನೋಡಿದರು. ಎದ್ದು ದೇವರ ಗೂಡಿಗೆ ಹೋದರು. ಕೂಸಿನ ಕರಡಿಗೆಯನ್ನು ತೆಗೆದುಕೊಂಡು, ಅದನ್ನೂ ಒಮ್ಮೆ ತೆರೆದು, ಖಾಲಿ ಇದೆಯೆಂದು ನೋಡಿ, ಮುಚ್ಚಿ, ದೊಡ್ಡದರ ಒಳಗಿಟ್ಟರು.

"ಖಾಲಿ ಬ್ಯಾಡಂತಿದ್ರಲ್ಲ," ಅಂದರು. "ತಗೋರಿ. ನಿಮ್ಮ ಮಗ."

ದೊಡ್ಡದನ್ನೂ ಮುಚ್ಚಿದರು. ಒಳಗೆ ಟಿಣ್ ಎಂದು ಸಣ್ಣ ಸದ್ದಾಯಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತರು. ಹೆಂಗಸರು ಬಂದು ಸಮಾಧಾನ ಹೇಳಿ ಹೋದರು, ದೊಡ್ಡಮ್ಮ ಅದನ್ನು ಕೆಳಗಿಡಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಕೈ ಹಿಡಿದೆಳೆದು ಆ ಬೆಳ್ಳಿಯ ಮೇಲೆ ಇಟ್ಟುಕೊಂಡರು.

"ಮುಟ್ಟಿ ನೋಡವ್ವಾ," ಅಂದರು. "ಬೆಚ್ಚಗಾಗೈತಿ."